ಅಮ್ಮನ ಮಂಡಿ ನೋವಿಗೆ ಆಶಾ ಅಕ್ಕ ಏನು ಮಾಡಬಲ್ಲರು?

ಆಶಾ ಕಾರ್ಯಕರ್ತೆಯರು ಬಸುರಿ, ಬಾಣಂತಿಯರಿಗೆ ಮಾತ್ರ ಅಲ್ವಾ, ಅಮ್ಮನ ಹಳೇ ಮಂಡಿ ನೋವಿಗೆ ಅವರೇನು ಮಾಡ್ತಾರೆ ಅಂತ ಕೇಳಿದ್ದೀರಿ. ಹಾಗೇನಿಲ್ಲ. 30 ದಾಟಿದವರನ್ನು ಬಿಪಿ, ಶುಗರ್ ತಪಾಸಣೆಗೆ ಕಳಿಸುವುದೂ ಅವರದೇ ಕೆಲಸ.

ಮಾತ್ರೆ ಬರೆದುಕೊಡುವುದು ಡಾಕ್ಟರೇ. ಆದರೆ ನಮ್ಮಜ್ಜಿ ಸೆರಗಿನ ಗಂಟಿನಲ್ಲಿ ಡೈಕ್ಲೋಫೆನಾಕ್ ಅನ್ನೋ ನೋವಿನ ಮಾತ್ರೆ ಕಟ್ಟಿಕೊಂಡಿದ್ದನ್ನು ಕಂಡುಹಿಡಿದದ್ದು ಆಶಾ ಅಕ್ಕ. 'ಬಿಪಿ ಇದೆಯಲ್ಲಜ್ಜಿ, ದಿನಾ ನುಂಗಿದರೆ ಕಿಡ್ನಿಗೆ ಪೆಟ್ಟು' ಅಂತ ಪಿಎಚ್‌ಸಿಗೆ ಕರೆದೊಯ್ದರು. ಡಾಕ್ಟರು ಮಾತ್ರೆ ಬದಲಿಸಿ ವ್ಯಾಯಾಮ ಹೇಳಿದರು. ಕಾಲು ಚಾಚಿ, ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು ಒತ್ತಿ, ಐದು ಎಣಿಸಿ ಬಿಡುವುದು. ಬಂದಾಗಲೆಲ್ಲ ಆಶಾ ಅಕ್ಕ ಮಾಡಿಸಿ ನೋಡುತ್ತಿದ್ದರು.

ನೋವು ಪೂರ್ತಿ ಹೋಯಿತು ಅಂತ ಸುಮ್ನೆ ಹೇಳಲಾರೆ. ಹಿತ್ತಲಿಗಂತೂ ಅಜ್ಜಿ ಈಗ ಒಬ್ಬರೇ ಹೋಗುತ್ತಾರೆ.

ಮಂಡಿ ಊದಿ, ಕೆಂಪಾಗಿ, ಜ್ವರ ಬಂದರೆ ಮಾತ್ರ ಯಾರಿಗೂ ಕಾಯಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.