ನಿಮ್ಮ ಲೇಖನದ ಕಥೆ ಐದನೇ ಪುಟದಲ್ಲಿದೆ

ಪ್ರಿಯ ಮಿತ್ರರೇ,

‘ರಚನೆ ಹೇಳಿ, ಗುಣ ಕೇಳಿ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಪಾಲಿಮರ್‌ನ, ಅಂದರೆ ಪ್ಲಾಸ್ಟಿಕ್‌ನಂಥ ವಸ್ತುಗಳಲ್ಲಿರುವ ಉದ್ದ ಸರಪಳಿಯ ಅಣುವಿನ, ರಾಸಾಯನಿಕ ರಚನೆಯನ್ನು ಕೊಟ್ಟರೆ ಸಾಕು, ಅದು ಎಷ್ಟು ಬಿಸಿಗೆ ಮೆತ್ತಗಾಗುತ್ತದೆ, ಎಷ್ಟು ಗಟ್ಟಿಯಾಗಿರುತ್ತದೆ ಎಂದು ಕಂಪ್ಯೂಟರ್ ಮೊದಲೇ ಹೇಳುತ್ತದೆ ಅನ್ನುವುದು ನಿಮ್ಮ ವಾದ. ವಿಷಯ ನನಗೆ ತುಂಬಾ ಇಷ್ಟವಾಯಿತು. ಆದರೆ ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಕೈಬಿಡುವಂಥ ಲೇಖನ ಇದಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲ ಮೂರು ಪುಟ ತೆಗೆದುಬಿಡಿ. 1920ರಲ್ಲಿ ರಸಾಯನಶಾಸ್ತ್ರಜ್ಞ ಸ್ಟೌಡಿಂಗರ್ ಉದ್ದ ಸರಪಳಿಯ ಕಲ್ಪನೆ ಮುಂದಿಟ್ಟದ್ದು, 1953ರಲ್ಲಿ ಅವರಿಗೆ ನೊಬೆಲ್ ಬಂದದ್ದು, ಪ್ಲಾಸ್ಟಿಕ್‌ಗಳ ವಿಧಗಳು, ಎಲ್ಲವೂ ಸರಿಯಾಗಿಯೇ ಇವೆ. ಆದರೆ ಓದುಗರು ಬಂದಿರುವುದು ಕಂಪ್ಯೂಟರ್ ಹೇಗೆ ಹೇಳುತ್ತದೆ ಎಂದು ತಿಳಿಯೋಕೆ. ಅವರನ್ನು ಬಾಗಿಲಲ್ಲೇ ಅಷ್ಟು ಹೊತ್ತು ನಿಲ್ಲಿಸಬೇಡಿ.

ನಿಮ್ಮ ನಿಜವಾದ ಲೇಖನ ಐದನೇ ಪುಟದಲ್ಲಿದೆ. ಅಲ್ಲಿ ನೀವೇ ಮೂರು ರಾತ್ರಿ ಕಂಪ್ಯೂಟರ್ ಓಡಿಸಿದ್ದೀರಿ. ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್‌ನ ಬಿಸಿ ಸರಪಳಿಗಳನ್ನು ಮೆಲ್ಲಗೆ ತಣ್ಣಗಾಗಿಸುತ್ತಾ, ಪ್ರತಿ ತಾಪಮಾನದಲ್ಲೂ ಅವು ಎಷ್ಟು ಜಾಗ ಹಿಡಿಯುತ್ತವೆ ಎಂದು ಬರೆದುಕೊಂಡಿದ್ದೀರಿ. ಆಮೇಲೆ ಗ್ರಾಫ್ ಮೇಲೆ ಸ್ಕೇಲ್ ಇಟ್ಟು ಗೆರೆ ಎಲ್ಲಿ ಬಾಗುತ್ತದೆ ಎಂದು ನೋಡಿದ್ದೀರಿ. ಗೆರೆ ಬಾಗುವ ಜಾಗವೇ ಪ್ಲಾಸ್ಟಿಕ್ ಮೆತ್ತಗಾಗುವ ತಾಪಮಾನ. ಬಾಗಿದ್ದು 130 ಡಿಗ್ರಿ ಸೆಲ್ಸಿಯಸ್ ಹತ್ತಿರ. ಲ್ಯಾಬ್‌ನಲ್ಲಿ ಅಳೆದರೆ ಸಿಗುವುದು ಸುಮಾರು 100. ‘ಸ್ವಲ್ಪ ವ್ಯತ್ಯಾಸವಿದ್ದರೂ ಫಲಿತಾಂಶ ತೃಪ್ತಿಕರ’ ಎಂದು ಬರೆದು ನೀವು ಮುಂದೆ ಹೋಗಿಬಿಟ್ಟಿರಿ. ನಾನು ಮುಂದೆ ಹೋಗಲಿಲ್ಲ. ಮೂವತ್ತು ಡಿಗ್ರಿ ಸ್ವಲ್ಪ ಅಲ್ಲ. ಕುದಿಯುವ ನೀರು ಹಾಕಿದರೆ ಲೋಟ ನಿಲ್ಲುತ್ತದೋ ಮೆತ್ತಗಾಗುತ್ತದೋ ಅನ್ನುವಷ್ಟು ದೊಡ್ಡ ಅಂತರ ಅದು.

ಈ ಅಂತರ ಯಾಕೆ ಬಂತು ಅನ್ನುವುದೇ ನಿಮ್ಮ ಕಥೆ. ಲ್ಯಾಬ್‌ನಲ್ಲಿ ನಿಮಿಷಕ್ಕೆ 10 ಡಿಗ್ರಿಯಂತೆ ಇಳಿಸಿದರೆ 100 ಡಿಗ್ರಿ ಇಳಿಯೋಕೆ 10 ನಿಮಿಷ ಬೇಕು. ಕಂಪ್ಯೂಟರ್ ಪ್ರತಿ ಪರಮಾಣುವಿನ ಚಲನೆಯನ್ನೂ ಫೆಮ್ಟೋಸೆಕೆಂಡಿನ, ಅಂದರೆ ನ್ಯಾನೋಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲಿನ, ಹೆಜ್ಜೆಗಳಲ್ಲಿ ಲೆಕ್ಕ ಹಾಕುತ್ತದೆ. ಒಂದು ನ್ಯಾನೋಸೆಕೆಂಡ್ (ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು) ದಾಟಬೇಕಾದರೆ ಹತ್ತು ಲಕ್ಷ ಹೆಜ್ಜೆ. ಹಾಗಾಗಿ ನೀವು ಅದೇ 100 ಡಿಗ್ರಿಯನ್ನು 10 ನ್ಯಾನೋಸೆಕೆಂಡಿನಲ್ಲಿ ಇಳಿಸಿದ್ದೀರಿ. ಅಂದರೆ ಆರು ಸಾವಿರ ಕೋಟಿ ಪಟ್ಟು ವೇಗವಾಗಿ. ಸರಪಳಿಗಳಿಗೆ ಹೊರಳಿ, ಸರಿದು, ಒತ್ತಿಕೊಂಡು ಕೂರಲು ಸಮಯವೇ ಸಿಗಲಿಲ್ಲ. ಇನ್ನೂ ಬಿಸಿ ಇರುವಾಗಲೇ ಇದ್ದಲ್ಲೇ ಸಿಕ್ಕಿಬಿದ್ದವು. ಗೆರೆ ಹೆಚ್ಚಿನ ತಾಪಮಾನದಲ್ಲೇ ಬಾಗಿದ್ದು ಅದಕ್ಕೆ. ನಿಮ್ಮ ಕಂಪ್ಯೂಟರ್ ತಪ್ಪು ಹೇಳಲಿಲ್ಲ, ಅವಸರದಲ್ಲಿ ತಣ್ಣಗಾದ ಪಾಲಿಸ್ಟೈರೀನ್ ಬಗ್ಗೆ ಹೇಳಿತು. ಇದನ್ನು ಬರೆಯಿರಿ. ಈ ಒಂದು ಪ್ಯಾರಾಕ್ಕಾಗಿ ನಾನು ಇಡೀ ಲೇಖನವನ್ನು ಓದಬಲ್ಲೆ.

ಅದೇ ಪುಟದಲ್ಲಿ ಒಂದು ಮುಖ್ಯ ತಪ್ಪಿದೆ. ಆ ತಾಪಮಾನದಲ್ಲಿ ಪಾಲಿಸ್ಟೈರೀನ್ ‘ಕರಗುತ್ತದೆ’ ಎಂದಿದ್ದೀರಿ. ಇಲ್ಲ, ಮೆತ್ತಗಾಗುತ್ತದೆ. ಮಾಮೂಲಿ ಪಾಲಿಸ್ಟೈರೀನ್‌ನಲ್ಲಿ ಕರಗೋಕೆ ಹರಳುಗಳೇ ಇಲ್ಲ. ಹೀಗೆ ಮೆತ್ತಗಾಗುವುದಕ್ಕೇ ಗ್ಲಾಸ್ ಟ್ರಾನ್ಸಿಷನ್ ಅನ್ನುತ್ತಾರೆ. ಅದು ಏನೆಂದು ನೀವು ಕೊಟ್ಟಿರುವ ನಾಲ್ಕು ಸಾಲಿನ ವ್ಯಾಖ್ಯಾನದ ಬದಲು ನೀರಿನ ಬಾಟಲಿ ತೋರಿಸಿ. ಅದಕ್ಕೆ ಕುದಿಯುವ ನೀರು ಸುರಿದರೆ ಸುಕ್ಕಾಗಿ ಕುಗ್ಗುತ್ತದೆ, ಅಲ್ವಾ? ಆ ಪ್ಲಾಸ್ಟಿಕ್ ಪಿ.ಇ.ಟಿ. ಅದರ ಗ್ಲಾಸ್ ಟ್ರಾನ್ಸಿಷನ್ ಸುಮಾರು 70 ಡಿಗ್ರಿ. ಬಾಟಲಿ ಊದುವಾಗ ಎಳೆದು ಹಿಡಿದಿದ್ದ ಸರಪಳಿಗಳು ಅದಕ್ಕಿಂತ ಮೇಲೆ ಸಡಿಲವಾಗಿ ಮತ್ತೆ ಮುದುಡಿಕೊಳ್ಳುತ್ತವೆ. ಎಲ್ಲರೂ ನೋಡಿರುವ ಸಂಗತಿ, ಕಾರಣ ಮಾತ್ರ ಗೊತ್ತಿರುವುದಿಲ್ಲ.

ಇನ್ನು ಆರನೇ ಪುಟ. ಪಾಲಿಮರ್ ವಿಜ್ಞಾನಿ ಫಾನ್ ಕ್ರೆವೆಲೆನ್ ಅವರ ವಿಧಾನವನ್ನು ‘ಹಳೆಯದು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಸರಪಳಿಯಲ್ಲಿ ಮತ್ತೆ ಮತ್ತೆ ಬರುವ ಒಂದು ಘಟಕವನ್ನು ತುಂಡುಗಳಾಗಿ ನೋಡಿ, ಪ್ರತಿ ತುಂಡಿಗೂ ಪಟ್ಟಿಯಲ್ಲಿರುವ ಅಂಕಿ ಕೂಡಿ, ಘಟಕದ ತೂಕದಿಂದ ಭಾಗಿಸುವ ಲೆಕ್ಕ ಅದು. ಪಾಲಿಸ್ಟೈರೀನ್‌ನಲ್ಲಿ ಆ ತೂಕ 104. ಪೆನ್ನು ಕಾಗದ ಸಾಕು, ಉತ್ತರ 100 ಡಿಗ್ರಿಯ ಹತ್ತಿರ ಬರುತ್ತದೆ. ನಿಮ್ಮ ಮೂರು ರಾತ್ರಿಗಿಂತ ಇದು ಸರಿಯಾಗಿ ಹೇಳಿತಲ್ಲ, ಯಾಕೆ? ಪಟ್ಟಿಯ ಅಂಕಿಗಳನ್ನು ತೆಗೆದಿರುವುದೇ ಲ್ಯಾಬ್‌ನಲ್ಲಿ ಅಳೆದ ಪಾಲಿಮರ್‌ಗಳಿಂದ. ಅದು ಉತ್ತರವನ್ನು ಮೊದಲೇ ನೋಡಿದೆ. ನೀವು ನೋಡದೆ, ಪರಮಾಣುಗಳ ನಡುವಿನ ಸೆಳೆತದಿಂದ ಶುರು ಮಾಡಿದಿರಿ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಓದುಗರಿಗೆ ತಾನಾಗಿ ಅರ್ಥವಾಗುತ್ತದೆ.

ಗೊತ್ತಿರುವ ಪಾಲಿಮರ್‌ಗಳಿಂದ ಕಂಪ್ಯೂಟರೇ ಕಲಿಯುವ ಮೆಷಿನ್ ಲರ್ನಿಂಗ್ ಭಾಗಕ್ಕೂ ಇದೇ ಪ್ರಶ್ನೆ ಕೇಳಿ: ಅದು ಉತ್ತರವನ್ನು ಮೊದಲೇ ನೋಡಿದೆಯಾ? ‘95% ನಿಖರತೆ’ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದೀರಿ. ತಾಪಮಾನದಲ್ಲಿ 5% ತಪ್ಪು ಅಂದರೆ ಎಷ್ಟು? 100 ಡಿಗ್ರಿ ಸೆಲ್ಸಿಯಸ್‌ನ 5% ಅಂದರೆ 5 ಡಿಗ್ರಿ. ಅದನ್ನೇ 373 ಕೆಲ್ವಿನ್ ಎಂದು ಬರೆದರೆ ಸುಮಾರು 19 ಡಿಗ್ರಿ. ವಸ್ತು ಒಂದೇ, ತಪ್ಪು ಮಾತ್ರ ಬೇರೆ ಬೇರೆ. ಶೇಕಡಾವಾರು ಬಿಟ್ಟು ಸರಾಸರಿ ಎಷ್ಟು ಡಿಗ್ರಿ ತಪ್ಪುತ್ತದೆ ಎಂದು ಹೇಳಿ. ಪರೀಕ್ಷೆಗೆ ಕೊಟ್ಟ ಪಾಲಿಮರ್‌ಗಳು ಕಲಿಸಿದವುಗಳ ಹತ್ತಿರದ ನೆಂಟರೇ ಆಗಿದ್ದವೋ ಅಂತಲೂ ಹೇಳಿ. ಪಾಠದಲ್ಲಿದ್ದ ಲೆಕ್ಕವನ್ನೇ ಪರೀಕ್ಷೆಯಲ್ಲಿ ಕೇಳಿದರೆ ಯಾರು ಬೇಕಾದರೂ ಪಾಸಾಗುತ್ತಾರೆ.

‘ರಚನೆಯಲ್ಲೇ ಎಲ್ಲವೂ ಅಡಗಿದೆ’ ಅನ್ನುವ ಸಾಲನ್ನೂ ದಯವಿಟ್ಟು ತೆಗೆಯಿರಿ. ಪಿ.ಎಂ.ಎಂ.ಎ. ನೋಡಿ, ಅಕ್ರಿಲಿಕ್ ಹಾಳೆಯ ಪ್ಲಾಸ್ಟಿಕ್. ಸರಪಳಿಯ ಪಕ್ಕಕ್ಕೆ ಅಂಟಿಕೊಂಡ ಪರಮಾಣು ಗುಂಪುಗಳೆಲ್ಲ ಒಂದೇ ಕಡೆ ಮುಖ ಮಾಡಿದ್ದರೆ ಅದು 50 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಒಂದು ಬಿಟ್ಟು ಒಂದು ಆಚೀಚೆ ಇದ್ದರೆ 120 ದಾಟುತ್ತದೆ. ಎರಡಕ್ಕೂ ನೀವು ಕಂಪ್ಯೂಟರಿಗೆ ಕೊಟ್ಟ ಸೂತ್ರದ ಸಾಲು ಒಂದೇ.

ಭಾಷೆಯ ಬಗ್ಗೆ ಒಂದೇ ಮಾತು. ‘ಬಹುಲಕಗಳ ಗುಣಧರ್ಮಗಳ ಗಣಕಾಧಾರಿತ ಪೂರ್ವಾನುಮಾನ’ ಎಂದು ನೀವು ಯಾರ ಹತ್ತಿರವೂ ಮಾತಾಡುವುದಿಲ್ಲ. ಐದನೇ ಪುಟದಲ್ಲಿ ‘ಪಾಲಿಮರ್’ ಎಂದೇ ಬರೆದಿದ್ದೀರಿ, ಅಲ್ಲಿ ವಾಕ್ಯ ಓಡುತ್ತದೆ. ಅದೇ ಇರಲಿ.

ತಿದ್ದಿ ಕಳಿಸುವಾಗ ಒಂದು ವಿಷಯ ತಪ್ಪದೆ ತಿಳಿಸಿ. ನಿಮ್ಮ ಸರಪಳಿಯಲ್ಲಿ ಎಷ್ಟು ಘಟಕಗಳಿದ್ದವು? ಸರಪಳಿ ಗಿಡ್ಡವಾದಷ್ಟೂ ತುದಿಗಳು ಜಾಸ್ತಿ, ತುದಿಗಳು ಸುಲಭವಾಗಿ ಅಲುಗಾಡುತ್ತವೆ, ಗ್ಲಾಸ್ ಟ್ರಾನ್ಸಿಷನ್ ಕೆಳಗಿಳಿಯುತ್ತದೆ. ಫಾಕ್ಸ್ ಮತ್ತು ಫ್ಲೋರಿ ಎಂಬ ವಿಜ್ಞಾನಿಗಳು 1950ರಲ್ಲಿ ಪಾಲಿಸ್ಟೈರೀನ್‌ನಲ್ಲೇ ಇದನ್ನು ತೋರಿಸಿದ್ದರು. ನಿಮ್ಮದು ನಲವತ್ತೋ ಐವತ್ತೋ ಘಟಕಗಳ ಸರಪಳಿಯಾಗಿದ್ದರೆ ಉತ್ತರ 100ಕ್ಕಿಂತ ಕೆಳಗೆ ಬರಬೇಕಿತ್ತು, ಆದರೂ 130 ಬಂದಿದೆ. ಹಾಗಿದ್ದರೆ ಅವಸರದ ಪಾಲು ಮೂವತ್ತು ಡಿಗ್ರಿಗಿಂತಲೂ ಜಾಸ್ತಿ. ಆ ಸಂಖ್ಯೆ ನಿಮ್ಮ ಫೈಲಿನಲ್ಲೇ ಇರುತ್ತದೆ, ಹುಡುಕಿ ನೋಡಿ.