ಅಲಾರಾಂ ಇಟ್ಟರೂ ಫ್ರೆಂಚ್ ಓಪನ್‌ನ ಮೊದಲ ಸೆಟ್ ತಪ್ಪುತ್ತಿದ್ದರೆ
ಪ್ಯಾರಿಸ್ ಸಮಯಕ್ಕೆ ನೀವು ನಾಲ್ಕೂವರೆ ಗಂಟೆ ಸೇರಿಸುತ್ತಿರುವುದೇ ಬಹುಶಃ ತೊಂದರೆ. ಅದು ಚಳಿಗಾಲದ ಲೆಕ್ಕ. ಮಾರ್ಚ್ ಕೊನೆಗೆ ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಮೇ, ಜೂನ್‌ನಲ್ಲಿ ಮೂರೂವರೆ ಗಂಟೆ ಸೇರಿಸಿದರೆ ಸಾಕು.

ಮೊದಲು ಟೂರ್ನಿಯ ವೆಬ್‌ಸೈಟಿನಲ್ಲಿ ಆ ದಿನದ ಪಟ್ಟಿ ತೆರೆಯಿರಿ. ಫಿಲಿಪ್ ಶಾತ್ರಿಯೆ ಕೋರ್ಟಿನ ರಾತ್ರಿ ಪಂದ್ಯ 8:15 ಅಂತಿದ್ದರೆ ನಮಗದು 11:45. ಆಮೇಲೆ ನಿಮಗೆ ಬೇಕಾದ ಪಂದ್ಯ ಆ ಕೋರ್ಟಿನಲ್ಲಿ ಎಷ್ಟನೆಯದು ನೋಡಿ. ಮೊದಲನೆಯದಾದರೆ ಸಮಯ ಹೆಚ್ಚುಕಮ್ಮಿ ಪಕ್ಕಾ, ಮಳೆ ಬಂದರೆ ಮಾತ್ರ ತಡ. ಶಾತ್ರಿಯೆ, ಸುಜಾನ್ ಲಾಂಗ್ಲೆನ್ ಎರಡಕ್ಕೂ ಈಗ ಚಾವಣಿ ಇದೆ, ಅಲ್ಲಿ ಆ ಚಿಂತೆಯೂ ಇಲ್ಲ. ಮೂರನೆಯ ಪಂದ್ಯವಾದರೆ ಯಾರೂ ಖಚಿತವಾಗಿ ಹೇಳಲಾರರು. ಪುರುಷರ ಪಂದ್ಯ ಐದು ಸೆಟ್‌ಗೂ ಎಳೆಯಬಹುದು ಅಲ್ವಾ? ಅಲಾರಾಂ ಬಿಡಿ, ಹಿಂದಿನ ಪಂದ್ಯದ ಲೈವ್ ಸ್ಕೋರ್ ನೋಡುತ್ತಿರಿ. ಅದು ಕೊನೆಯ ಸೆಟ್ಟಿಗೆ ಬಂದಾಗ ಟಿವಿ ಹಾಕಿ.