ಐದು ತೋಳಿನ ಡಿಸ್ಕೋಆಸ್ಟರ್: ಪ್ರಭೇದ ಗುರುತಿಸುವುದು ಹೇಗೆ?

ಪ್ರಶ್ನೆ: ನಾನು ಭೂವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿನಿ. ಅರಬ್ಬಿ ಸಮುದ್ರದ ತಳದ ಕೆಸರಿನಿಂದ ಮಾಡಿದ ಸ್ಮಿಯರ್ ಸ್ಲೈಡಿನಲ್ಲಿ (ಕೆಸರನ್ನು ಗಾಜಿನ ಮೇಲೆ ತೆಳುವಾಗಿ ಸವರಿ ಮಾಡಿದ ಸ್ಲೈಡ್) ಐದು ತೋಳಿನ ನಕ್ಷತ್ರಾಕಾರದ ನ್ಯಾನೊ ಪಳೆಯುಳಿಕೆಗಳಿವೆ (ಸೂಕ್ಷ್ಮದರ್ಶಕದಲ್ಲಷ್ಟೇ ಕಾಣುವ ಅತಿ ಸಣ್ಣ ಪಳೆಯುಳಿಕೆಗಳು). ಅವು ಡಿಸ್ಕೋಆಸ್ಟರ್ (ಅಳಿದುಹೋದ ಸಮುದ್ರ ಪಾಚಿಯ ಕ್ಯಾಲ್ಸೈಟ್ ಕವಚದ ತುಣುಕು) ಕುಲದ ಪೆಂಟಾರೇಡಿಯೇಟಸ್ ಪ್ರಭೇದವೋ, ಕ್ವಿಂಕ್ವೆರಾಮಸ್ ಪ್ರಭೇದವೋ ತಿಳಿಯುತ್ತಿಲ್ಲ.

ಉತ್ತರ: ಕೆಸರಿನ ವಯಸ್ಸನ್ನು ಹೇಳಲು ಈ ಪ್ರಭೇದಗಳನ್ನೇ ಬಳಸುವುದರಿಂದ ಈ ಗೊಂದಲವನ್ನು ಬಗೆಹರಿಸಿಕೊಳ್ಳಲೇಬೇಕು. ಕ್ವಿಂಕ್ವೆರಾಮಸ್ ಸುಮಾರು 56 ಲಕ್ಷ ವರ್ಷಗಳ ಹಿಂದೆ ಅಳಿದುಹೋಯಿತು. ಪೆಂಟಾರೇಡಿಯೇಟಸ್ ಸುಮಾರು 24 ಲಕ್ಷ ವರ್ಷಗಳ ಹಿಂದಿನವರೆಗೂ ಉಳಿದಿತ್ತು.

1000 ಪಟ್ಟು ವರ್ಧನೆಯಲ್ಲಿ, ಇಮ್ಮರ್ಶನ್ ಎಣ್ಣೆ ಹಾಕಿ, ಮೊದಲು ಸಾಮಾನ್ಯ ಬೆಳಕಿನಲ್ಲಿ ತೋಳಿನ ತುದಿಯನ್ನೂ ನಡುಭಾಗವನ್ನೂ ನೋಡಿ. ಪೆಂಟಾರೇಡಿಯೇಟಸ್‌ನ ತೋಳುಗಳು ತೆಳುವಾಗಿದ್ದು ತುದಿಯಲ್ಲಿ ಕವಲೊಡೆದಿರುತ್ತವೆ. ಕ್ವಿಂಕ್ವೆರಾಮಸ್‌ನಲ್ಲಿ ತುದಿ ಕವಲೊಡೆಯುವುದಿಲ್ಲ. ನಡುವೆ ನಕ್ಷತ್ರದಂತಹ ದೊಡ್ಡ ಉಬ್ಬು ಇದ್ದು, ಫೋಕಸ್ಸನ್ನು ಮೆಲ್ಲಗೆ ಮೇಲೆ ಕೆಳಗೆ ಮಾಡಿದಾಗ ಅದು ಎದ್ದು ಕಾಣುತ್ತದೆ. ತೋಳುಗಳ ನಡುವಿನ ಕೋನಗಳು ಸ್ಪಷ್ಟವಾಗಿ ಅಸಮವಾಗಿದ್ದರೆ ಅಸಿಮೆಟ್ರಿಕಸ್ ಪ್ರಭೇದವನ್ನೂ ನೆನಪಿಡಿ.

ನಂತರ ಪೋಲರೈಸರ್‌ಗಳನ್ನು (ಬೆಳಕಿನ ಕಂಪನವನ್ನು ಒಂದೇ ದಿಕ್ಕಿಗೆ ಸೀಮಿತಗೊಳಿಸುವ ಸೋಸುಗಗಳನ್ನು) ಒಂದಕ್ಕೊಂದು ಅಡ್ಡಲಾಗಿಸಿ. ಚಪ್ಪಟೆಯಾಗಿ ಮಲಗಿದ ಡಿಸ್ಕೋಆಸ್ಟರ್‌ಗಳಲ್ಲಿ ಕ್ಯಾಲ್ಸೈಟಿನ ದ್ಯುತಿ ಅಕ್ಷ (ಬೆಳಕು ಎರಡಾಗಿ ಒಡೆಯದೆ ಸಾಗುವ ದಿಕ್ಕು) ನೇರವಾಗಿ ನೋಡುವವರ ಕಣ್ಣಿನತ್ತ ಇರುವುದರಿಂದ ಅವು ಕತ್ತಲೆಯಲ್ಲಿ ಮರೆಯಾಗುತ್ತವೆ. ಪೆಂಟಾರೇಡಿಯೇಟಸ್ ಮಾತ್ರ ಮಂಕಾಗಿ ಬೆಳಗುತ್ತದೆ. ತೋಳು ಮುರಿದ ಮಾದರಿಯಲ್ಲೂ ಈ ಮಂಕು ಬೆಳಕು ಕಾಣುವುದರಿಂದ, ನಾನು ಹೆಚ್ಚು ನಂಬುವ ಲಕ್ಷಣ ಇದೇ. ಆದರೆ ಓರೆಯಾಗಿ ಬಿದ್ದ ಯಾವ ಡಿಸ್ಕೋಆಸ್ಟರ್ ಆದರೂ ಸ್ವಲ್ಪ ಬೆಳಗಬಹುದಾದ್ದರಿಂದ, ಚಪ್ಪಟೆಯಾಗಿರುವವುಗಳನ್ನೇ ಆರಿಸಿ ನೋಡಿ.

ನಿಜವಾದ ಕಷ್ಟ ಬರುವುದು ಪಳೆಯುಳಿಕೆ ಉಳಿದುಬಂದ ಸ್ಥಿತಿಯಿಂದ. ಕೆಸರಿನಲ್ಲಿ ಕರಗಿದ ಕ್ಯಾಲ್ಸೈಟ್ ಡಿಸ್ಕೋಆಸ್ಟರ್‌ಗಳ ಮೇಲೆ ಮರಳಿ ಬೆಳೆಯುವ ಪ್ರವೃತ್ತಿ ಇರುವುದರಿಂದ, ತೋಳುಗಳು ದಪ್ಪಗಾಗಿ, ಕವಲುಗಳು ಮುಚ್ಚಿಹೋಗಿ, ಒಂದು ಪ್ರಭೇದ ಇನ್ನೊಂದರಂತೆ ತೋರಬಹುದು. ಒಂದು ಮಾದರಿ ನೋಡಿ ತೀರ್ಮಾನಿಸದೆ ಹತ್ತಾರನ್ನು ಹುಡುಕಿ ಪ್ರತಿಯೊಂದರ ರೇಖಾಚಿತ್ರ ಬರೆದುಕೊಳ್ಳಿ. ಪೆನ್ಸಿಲ್ ಹಿಡಿದಾಗ ಕಣ್ಣು ಕ್ಯಾಮೆರಾಗಿಂತ ಹೆಚ್ಚು ಗಮನಿಸುತ್ತದೆ.

ಪೆಂಟಾರೇಡಿಯೇಟಸ್ ಹುಟ್ಟಿದ್ದು ಕ್ವಿಂಕ್ವೆರಾಮಸ್ ಅಳಿಯುವ ಮೊದಲೇ. ಹಾಗಾಗಿ ಎರಡೂ ಒಂದೇ ಸ್ಲೈಡಿನಲ್ಲಿ ಸಿಗಬಹುದು. ಜೊತೆಗೆ ಸಿಂಧೂ ನದಿ ತಂದು ಹರಡಿದ ಕೆಸರಿನಲ್ಲಿ ಹಳೆಯ ಪದರಗಳ ಪಳೆಯುಳಿಕೆಗಳು ಬೆರೆತಿರುತ್ತವೆ. ಕ್ವಿಂಕ್ವೆರಾಮಸ್ ಒಂದೆರಡೇ ಇದ್ದು, ಉಳಿದ ಸಮೂಹ ಹೊಸ ಕಾಲದ್ದಾಗಿದ್ದರೆ ಅದರ ಮೇಲೆ ವಯಸ್ಸನ್ನು ನಿಲ್ಲಿಸಬೇಡಿ. ತುದಿಯೂ ನಡುಭಾಗವೂ ಅಸ್ಪಷ್ಟವಾಗಿರುವ ಮಾದರಿಗಳನ್ನು ‘ಡಿಸ್ಕೋಆಸ್ಟರ್, ಪ್ರಭೇದ ಅನಿಶ್ಚಿತ’ ಎಂದೇ ಎಣಿಕೆಯಲ್ಲಿ ಪ್ರತ್ಯೇಕವಾಗಿ ಬರೆಯಿರಿ.